ದೊಡ್ಡ ರೀಟೇಲ್ ಕಂಪನಿಯ ಐಟಿ ವಿಭಾಗದಲ್ಲಿ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ರೀಟೇಲ್ ಟೆಕ್ ಸೆಂಟರ್‌ಗಳಿಗೆ ಅರ್ಜಿ ಹಾಕುವವರು, ಬೇರೆ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಸಾಫ್ಟ್‌ವೇರ್ ಮಾಡಿಕೊಡುವ ಸರ್ವಿಸ್ ಕಂಪನಿ ಬಿಟ್ಟು ಇತ್ತ ಬರಲು ಯೋಚಿಸುವವರು, ಈಗಷ್ಟೇ ಸೇರಿದ ಜೂನಿಯರ್‌ಗಳು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ಸ್ಟೋರ್ ಸಿಸ್ಟಮ್ಸ್ ಕಡೆಯವನು. ಅಂದರೆ ಬಿಲ್ಲಿಂಗ್ ಕೌಂಟರ್, ಬೆಲೆ, ಆಫರ್ ಇವುಗಳ ಸಾಫ್ಟ್‌ವೇರ್ ನೋಡಿಕೊಳ್ಳುವವನು. ಹಾಗಾಗಿ ಉತ್ತರಗಳೂ ಸ್ವಲ್ಪ ಆ ಕಡೆಗೇ ವಾಲಿವೆ. ವೆಬ್‌ಸೈಟ್ ತಂಡದವರನ್ನು ಕೇಳಿದರೆ ಬೇರೆ ಕಥೆ ಹೇಳಿಯಾರು.

ಅಂಗಡಿ ನಡೆಸುವ ಕಂಪನಿಗೆ ಸಾವಿರಾರು ಇಂಜಿನಿಯರ್‌ಗಳು ಯಾಕೆ ಬೇಕು?

ಒಂದು ಸಣ್ಣ ಲೆಕ್ಕ ಹಾಕಿ. ಎರಡು ಸಾವಿರ ಅಂಗಡಿಗಳಿರುವ ಒಂದು ಸರಣಿ, ಒಂದೊಂದು ಅಂಗಡಿಯಲ್ಲೂ ಐವತ್ತು ಸಾವಿರ ಬಗೆಯ ಸಾಮಾನು ಅಂದುಕೊಳ್ಳಿ. ಯಾವ ಅಂಗಡಿಯಲ್ಲಿ ಯಾವ ಸಾಮಾನು ಎಷ್ಟಿದೆ ಅಂತ ಬರೆದಿಡಲಿಕ್ಕೇ ಹತ್ತು ಕೋಟಿ ಸಾಲು ಬೇಕು. ಅದರ ಬೆಲೆ ಬೇರೆ, ತೆರಿಗೆ ಬೇರೆ, ಈ ವಾರದ ಆಫರ್ ಬೇರೆ. ಈ ಹತ್ತು ಕೋಟಿ ಸಾಲುಗಳು ದಿನವಿಡೀ ಬದಲಾಗುತ್ತಲೇ ಇರುತ್ತವೆ. ಗಿರಾಕಿ ಒಂದು ಸೋಪು ಎತ್ತಿಕೊಂಡು ಹೋದ ಕೂಡಲೇ ಒಂದು ಸಾಲು ಹಳೆಯದಾಯಿತು.

ಇದೇನೂ ಇತ್ತೀಚಿನ ಕಥೆಯಲ್ಲ. ಅಂಗಡಿಯ ಕೌಂಟರ್‌ನಲ್ಲಿ ಮೊದಲ ಬಾರ್‌ಕೋಡ್ ಸ್ಕ್ಯಾನ್ ಆದದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ. ಸ್ಕ್ಯಾನ್ ಆದದ್ದು 67 ಸೆಂಟ್‌ನ ಒಂದು ಚ್ಯೂಯಿಂಗ್ ಗಮ್ ಪೊಟ್ಟಣ. ವಾಲ್‌ಮಾರ್ಟ್ 1987ರಲ್ಲೇ ತನ್ನ ಅಂಗಡಿಗಳನ್ನು ಉಪಗ್ರಹದ ಮೂಲಕ ಜೋಡಿಸಿತ್ತು. 1991ರಲ್ಲಿ ರೀಟೇಲ್ ಲಿಂಕ್ ಎಂಬ ವ್ಯವಸ್ಥೆ ತಂದು, ಮಾಲು ಪೂರೈಸುವವರಿಗೂ ತಮ್ಮ ಸಾಮಾನು ಎಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ನೋಡಲು ಬಿಟ್ಟಿತು. ಇಂಟರ್ನೆಟ್ ಮನೆಮನೆಗೆ ಬರುವ ಎಷ್ಟೋ ವರ್ಷ ಮೊದಲಿನ ಮಾತು ಇದು.

ಬೆಂಗಳೂರಿನಲ್ಲಿ ಯಾರ್‍ಯಾರ ಕಚೇರಿಗಳಿವೆ?

ಬ್ರಿಟನ್ನಿನ ಟೆಸ್ಕೋ 2004ರಲ್ಲಿ ವೈಟ್‌ಫೀಲ್ಡ್‌ಗೆ ಬಂತು. ಮರುವರ್ಷ ಅಮೆರಿಕದ ಟಾರ್ಗೆಟ್ ಬಂತು, ಅದೀಗ ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿದೆ. ಮನೆ ಕಟ್ಟುವ, ರಿಪೇರಿ ಮಾಡುವ ಸಾಮಾನು ಮಾರುವ ಲೋಸ್ 2014ರಲ್ಲಿ ಬಂತು. ವಾಲ್‌ಮಾರ್ಟ್‌ನ ಟೆಕ್ ವಿಭಾಗ ಹೊರವರ್ತುಲ ರಸ್ತೆಯ ಕಡೆ ಇದೆ, ಚೆನ್ನೈನಲ್ಲೂ ಇದೆ. 2007ರಲ್ಲಿ ಇಲ್ಲೇ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಸುಮಾರು 77 ಶೇಕಡಾ ಪಾಲನ್ನು 2018ರಲ್ಲಿ 1,600 ಕೋಟಿ ಡಾಲರ್ ಕೊಟ್ಟು ಕೊಂಡದ್ದೂ ವಾಲ್‌ಮಾರ್ಟೇ. ರಿಲಯನ್ಸ್ ರೀಟೇಲ್, ಡಿಮಾರ್ಟ್‌ಗಳ ಕೇಂದ್ರ ಕಚೇರಿ ಮುಂಬೈ ಕಡೆ.

ತಮಾಷೆ ನೋಡಿ, ಟಾರ್ಗೆಟ್‌ಗಾಗಲೀ ಲೋಸ್‌ಗಾಗಲೀ ಭಾರತದಲ್ಲಿ ಒಂದೂ ಅಂಗಡಿಯಿಲ್ಲ. ನಾಗವಾರದ ಸಿಗ್ನಲ್‌ನಲ್ಲಿ ದಿನಾ ಸಿಕ್ಕಿಹಾಕಿಕೊಳ್ಳುವ ಸಾವಿರಾರು ಜನ ತಾವು ಯಾವತ್ತೂ ಕಾಲಿಡದ ಅಂಗಡಿಗಳ ಬೆಲೆ, ದಾಸ್ತಾನು, ಬಿಲ್ಲು ನೋಡಿಕೊಳ್ಳುತ್ತಾರೆ. ಈ ಕೆಲಸದ ದೊಡ್ಡ ತೊಡಕೂ ಅದೇ. ಮುಂದೆ ಹೇಳುತ್ತೇನೆ.

ಸರ್ವಿಸ್ ಕಂಪನಿಗೂ ಇದಕ್ಕೂ ಏನು ವ್ಯತ್ಯಾಸ?

ಪ್ರಾಜೆಕ್ಟ್ ಸಿಗದೆ ಕಾಯುತ್ತ ಕೂರುವ 'ಬೆಂಚ್' ಇಲ್ಲ, ಕ್ಲೈಂಟ್ ಇಲ್ಲ, ಎರಡು ವರ್ಷಕ್ಕೊಮ್ಮೆ ಪ್ರಾಜೆಕ್ಟ್ ಬದಲಾಗುವುದಿಲ್ಲ. ನೀವು ಇವತ್ತು ಬರೆದ ಕೋಡ್ ಐದು ವರ್ಷದ ಮೇಲೂ ನಿಮ್ಮ ಕುತ್ತಿಗೆಗೇ ಇರುತ್ತದೆ. ಕೆಲವರಿಗೆ ಇದು ಇಷ್ಟ, ಕೆಲವರಿಗೆ ಉಸಿರುಕಟ್ಟುತ್ತದೆ.

ಇನ್ನೊಂದು ವಿಷಯ ಸಂದರ್ಶನದಲ್ಲಿ ಯಾರೂ ಹೇಳುವುದಿಲ್ಲ. ಸಾಫ್ಟ್‌ವೇರ್ ಮಾರುವ ಕಂಪನಿಯಲ್ಲಿ ಇಂಜಿನಿಯರ್ ದುಡಿದು ಹಾಕುವವನು. ರೀಟೇಲ್ ಕಂಪನಿಯಲ್ಲಿ ಐಟಿ ಅನ್ನುವುದು ಖರ್ಚಿನ ಕಲಮು. ದಿನಸಿ ವ್ಯಾಪಾರದಲ್ಲಿ ನೂರು ರೂಪಾಯಿ ಮಾರಿದರೆ ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ಎರಡೋ ಮೂರೋ ರೂಪಾಯಿ. ಹಾಗಾಗಿ ಹೊಸ ಸರ್ವರ್ ಕೇಳಿದರೂ, ತಂಡಕ್ಕೆ ಒಬ್ಬರನ್ನು ಹೆಚ್ಚಿಗೆ ಕೇಳಿದರೂ 'ಇದರಿಂದ ಅಂಗಡಿಗೆ ಏನು ಲಾಭ?' ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಹೇಳಲು ಕಲಿತವರು ಮೇಲೆ ಬರುತ್ತಾರೆ. ಬರೀ ತಂತ್ರಜ್ಞಾನದ ಹೆಸರು ಹೇಳುವವರು ಅಲ್ಲೇ ಉಳಿಯುತ್ತಾರೆ. ನನಗೇನೂ ಇದು ಅನ್ಯಾಯ ಅನ್ನಿಸುವುದಿಲ್ಲ.

ಒಳಗೆ ಯಾವ ಯಾವ ತಂಡಗಳಿರುತ್ತವೆ?

ಸಾಮಾನು ಆರಿಸಿ, ಕೊಂಡು, ಬೆಲೆ ಕಟ್ಟುವವರಿಗೆ ಮರ್ಚಂಡೈಸಿಂಗ್ ತಂಡ. ಗೋದಾಮು, ಲಾರಿ, ದಾಸ್ತಾನಿಗೆ ಸಪ್ಲೈ ಚೈನ್. ಅಂಗಡಿಯೊಳಗಿನ ಎಲ್ಲಕ್ಕೂ ಸ್ಟೋರ್ ಸಿಸ್ಟಮ್ಸ್. ಇದಲ್ಲದೆ ಆ್ಯಪ್ ಮತ್ತು ವೆಬ್‌ಸೈಟ್, ಪೇಮೆಂಟ್ಸ್, ಡೇಟಾ, ಸೆಕ್ಯುರಿಟಿ, ನೆಟ್‌ವರ್ಕ್, ದೂರಿನ ಕರೆಗಳನ್ನು ನೋಡಿಕೊಳ್ಳುವ ಸರ್ವಿಸ್ ಡೆಸ್ಕ್. ಹೊಸಬರೆಲ್ಲ ಆ್ಯಪ್ ತಂಡಕ್ಕೇ ಹೋಗಬೇಕು ಅನ್ನುತ್ತಾರೆ. ನನ್ನನ್ನು ಕೇಳಿದರೆ ಮೊದಲ ಎರಡು ವರ್ಷ ದಾಸ್ತಾನು ಅಥವಾ ಬೆಲೆ ತಂಡದಲ್ಲಿ ಕಳೆಯಿರಿ. ಮಿಕ್ಕ ಎಲ್ಲ ತಂಡಗಳೂ ಆ ಎರಡನ್ನು ಕೇಳಿಕೊಂಡು ಬದುಕುತ್ತವೆ.

ಕೌಂಟರ್‌ನಲ್ಲಿ ಒಂದು 'ಬೀಪ್' ಆದರೆ ಹಿಂದೆ ಏನೇನಾಗುತ್ತದೆ?

ನಮ್ಮ ತಂಡಕ್ಕೆ ಬರುವವರಿಗೆಲ್ಲ ನಾನು ಮೊದಲು ಕೇಳುವ ಪ್ರಶ್ನೆಯೂ ಇದೇ.

ಸ್ಕ್ಯಾನರ್ ಓದುವುದು 13 ಅಂಕಿ. 890ರಿಂದ ಶುರುವಾದರೆ ಆ ನಂಬರನ್ನು ಕೊಟ್ಟದ್ದು ಬಾರ್‌ಕೋಡ್ ನಂಬರು ಹಂಚುವ ಅಂತರರಾಷ್ಟ್ರೀಯ ಸಂಸ್ಥೆ ಜಿಎಸ್1ರ ಭಾರತ ಘಟಕ. ಅದು 'ಭಾರತದಲ್ಲಿ ತಯಾರಾದದ್ದು' ಅಂತ ಅರ್ಥವಲ್ಲ, ವಾಟ್ಸ್ಆ್ಯಪ್‌ನಲ್ಲಿ ಬರುವ ಸಂದೇಶ ನಂಬಬೇಡಿ. ಕೊನೆಯ ಅಂಕಿ ಉಳಿದ ಹನ್ನೆರಡರಿಂದ ಲೆಕ್ಕ ಹಾಕಿ ಬರುವಂಥದ್ದು, ಸ್ಕ್ಯಾನರ್ ತಪ್ಪು ಓದಿದರೆ ಹೆಚ್ಚಿನ ಸಲ ಅಲ್ಲೇ ಸಿಕ್ಕಿಬೀಳುತ್ತದೆ. 2ರಿಂದ ಶುರುವಾಗುವ ನಂಬರುಗಳು ಅಂಗಡಿಯವರ ಸ್ವಂತ ಬಳಕೆಗೆ. ತರಕಾರಿ ತೂಗಿ ಚೀಟಿ ಅಂಟಿಸುತ್ತಾರಲ್ಲ, ಆ ಚೀಟಿಯ ಬಾರ್‌ಕೋಡಿನೊಳಗೇ ತೂಕವೋ ಬೆಲೆಯೋ ಅಡಗಿರುತ್ತದೆ.

ನಂಬರು ಸಿಕ್ಕಿತು. ಈಗ ಬೆಲೆ ಹುಡುಕಬೇಕು. ಅದಕ್ಕೆ ಸಾಮಾನ್ಯವಾಗಿ ದೂರದ ಸರ್ವರ್‌ಗೆ ಹೋಗುವುದಿಲ್ಲ. ಅಂಗಡಿಯೊಳಗೇ ಬೆಲೆಪಟ್ಟಿಯ ಒಂದು ಪ್ರತಿ ಇರುತ್ತದೆ. ಯಾಕೆಂದರೆ ನೆಟ್‌ವರ್ಕ್ ಕಡಿದುಹೋದರೂ ಬಿಲ್ ನಿಲ್ಲಬಾರದು. ಸ್ಟೋರ್ ಸಿಸ್ಟಮ್ಸ್‌ನಲ್ಲಿ ಇದು ಮೊದಲ ನಿಯಮ. ಬೆಲೆ ಸಿಕ್ಕ ಮೇಲೆ ಆಫರ್ ಇದೆಯಾ, ತೆರಿಗೆ ಎಷ್ಟು, ವಯಸ್ಸು ಕೇಳಬೇಕಾದ ಸಾಮಾನಾ ಅಂತ ನೋಡಿ ಸ್ಕ್ರೀನ್ ಮೇಲೆ ಸಾಲು ಮೂಡಬೇಕು. ಇಷ್ಟೆಲ್ಲ ಆಗುವುದು ಕ್ಯಾಶಿಯರ್ ಮುಂದಿನ ಸಾಮಾನಿಗೆ ಕೈ ಚಾಚುವಷ್ಟರಲ್ಲಿ.

ದುಡ್ಡು ಕೊಟ್ಟ ಮೇಲೆ ಬಿಲ್ಲಿನ ಇಡೀ ವಿವರ ಒಂದು ಕಡತವಾಗಿ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ದಾಸ್ತಾನಿನಿಂದ ಒಂದು ಕಳೆಯುತ್ತಾರೆ, ಲೆಕ್ಕಪತ್ರಕ್ಕೆ ಏರಿಸುತ್ತಾರೆ, ಗಿರಾಕಿಯ ಪಾಯಿಂಟ್ ಸೇರಿಸುತ್ತಾರೆ, ನಾಳೆ ಗೋದಾಮಿನಿಂದ ಎಷ್ಟು ಕಳಿಸಬೇಕು ಅಂತ ಅಂದಾಜಿಸುತ್ತಾರೆ.

ಕೇಳಲು ಸುಲಭ ಅನ್ನಿಸುತ್ತದೆ. ಕಷ್ಟ ಎಲ್ಲಿ?

ವಾಪಸ್ ತರುವುದರಲ್ಲಿ. 40 ರೂಪಾಯಿಯ ಸೋಪು, ಎರಡು ಕೊಂಡರೆ ಒಂದು ಉಚಿತ. ಗಿರಾಕಿ ಮೂರು ತೆಗೆದುಕೊಂಡು 80 ರೂಪಾಯಿ ಕೊಟ್ಟರು. ಮಾರನೆಯ ದಿನ ಒಂದನ್ನು ವಾಪಸ್ ತಂದರು. ಎಷ್ಟು ಕೊಡುತ್ತೀರಿ? ನಲವತ್ತಾ? 'ಅದು ಉಚಿತದ್ದು' ಅಂತ ಸೊನ್ನೆಯಾ? ಎಂಬತ್ತನ್ನು ಮೂರರಿಂದ ಭಾಗಿಸಿ 26.67 ಕೊಡುತ್ತೀರಾ? ಮೂರನೆಯದೇ ನ್ಯಾಯ ಅಂತ ಒಪ್ಪಿದಿರಿ ಅನ್ನಿ. ಮೂರು ಸಲ 26.67 ಅಂದರೆ 80.01 ಆಯಿತು. ಗಿರಾಕಿ ಮೂರನ್ನೂ ಒಂದೊಂದಾಗಿ ವಾಪಸ್ ತಂದರೆ ಅಂಗಡಿಗೆ ಒಂದು ಪೈಸೆ ನಷ್ಟ. ಒಂದು ಪೈಸೆ ಅಂತ ನಗಬೇಡಿ, ದಿನಕ್ಕೆ ಲಕ್ಷಾಂತರ ಬಿಲ್ಲಾಗುವಲ್ಲಿ ಲೆಕ್ಕಪತ್ರದವರು ಆ ಪೈಸೆ ಹುಡುಕಿಕೊಂಡು ನಿಮ್ಮ ಸೀಟಿಗೇ ಬರುತ್ತಾರೆ. ಹಾಗಾಗಿ ಕೊನೆಯದಕ್ಕೆ 26.66 ಅಂತ ಬಿಲ್ ಮಾಡುವಾಗಲೇ ಹಂಚಿಡಬೇಕು. ಅದಕ್ಕೆ ತೆರಿಗೆಯನ್ನೂ ಹಾಗೇ ಹಂಚಬೇಕು. ಈಗ ಇದರ ಮೇಲೆ ಒಂದು ಬ್ಯಾಂಕ್ ಕಾರ್ಡಿನ ಹತ್ತು ಶೇಕಡಾ ರಿಯಾಯಿತಿ ಸೇರಿಸಿ ನೋಡಿ.

ಇದಕ್ಕೆ ಒಂದೇ ಸರಿಯುತ್ತರ ಅಂತಿಲ್ಲ. ಪ್ರತಿ ಕಂಪನಿಯೂ ತನ್ನದೇ ನಿಯಮ ಮಾಡಿಕೊಂಡಿರುತ್ತದೆ. ನಿಯಮ ಏನು ಅಂತ ಕೋಡ್ ಬರೆಯುವ ಮೊದಲೇ ಬಿಸಿನೆಸ್‌ನವರ ಬಾಯಿಂದ ಹೊರಡಿಸುವುದು ನಿಮ್ಮ ಕೆಲಸ.

ಜಿಎಸ್‌ಟಿ ದರ ಬದಲಾದಾಗ ಐಟಿಯವರಿಗೆ ಏನು ಕೆಲಸ? ನಂಬರ್ ಬದಲಾಯಿಸಿದರೆ ಆಯಿತಲ್ಲ?

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿದ್ದ ತೆರಿಗೆಯ ಚೌಕಟ್ಟೇ ಬದಲಾಯಿತು. ವ್ಯಾಟ್ ಹೋಗಿ ಕೇಂದ್ರದ್ದೊಂದು, ರಾಜ್ಯದ್ದೊಂದು ಪಾಲು ಬಂತು, ಪ್ರತಿ ಸಾಮಾನಿಗೂ ಅದರ ಬಗೆ ಹೇಳುವ ಎಚ್‌ಎಸ್‌ಎನ್ ಕೋಡ್ ಬೇಕಾಯಿತು. 2025ರ ಸೆಪ್ಟೆಂಬರ್ 22ರಂದು 12 ಮತ್ತು 28 ಶೇಕಡಾ ದರದಲ್ಲಿದ್ದ ಬಹುಪಾಲು ಸಾಮಾನುಗಳನ್ನು 5 ಮತ್ತು 18ಕ್ಕೆ ಇಳಿಸಿದಾಗ ಚೌಕಟ್ಟು ಹಳೆಯದೇ ಇತ್ತು, ಒಳಗಿನ ಲೆಕ್ಕ ಬದಲಾಯಿತು. ದರ ನಿರ್ಧರಿಸುವ ಜಿಎಸ್‌ಟಿ ಕೌನ್ಸಿಲ್ ಸಭೆ ನಡೆದದ್ದು ಸೆಪ್ಟೆಂಬರ್ 3ಕ್ಕೆ. ಕೈಯಲ್ಲಿದ್ದದ್ದು ಮೂರು ವಾರಕ್ಕಿಂತ ಕಡಿಮೆ.

ನಂಬರ್ ಬದಲಾಯಿಸುವುದು ಸುಲಭದ ಭಾಗ. ಕಷ್ಟದ್ದು ಇವು: ಹೊಸ ದರ ಸರಿಯಾಗಿ ಮಧ್ಯರಾತ್ರಿಯಿಂದ ಜಾರಿಯಾಗಬೇಕು, ಅಲ್ಲಿಯವರೆಗೆ ಹಳೆಯದೇ ಓಡಬೇಕು. ಶೆಲ್ಫಿನ ಮೇಲಿರುವ ಪೊಟ್ಟಣದ ಮೇಲೆ ಹಳೆಯ ಎಂಆರ್‌ಪಿ ಅಚ್ಚಾಗಿದೆ, ಬಿಲ್ಲಿನಲ್ಲಿ ಕಡಿಮೆ ಬೆಲೆ ಬರಬೇಕು, ಗಿರಾಕಿಗೆ ಗೊಂದಲವಾಗಬಾರದು. 20ನೇ ತಾರೀಕು ಕೊಂಡ ಸಾಮಾನನ್ನು 25ಕ್ಕೆ ವಾಪಸ್ ತಂದರೆ ಹಳೆಯ ದರದಲ್ಲೇ ದುಡ್ಡು ಹಿಂದಿರುಗಿಸಬೇಕು. ಅಂದರೆ ದರವನ್ನು ಅಳಿಸಿ ಬರೆಯುವ ಹಾಗಿಲ್ಲ, 'ಯಾವತ್ತಿನಿಂದ ಯಾವತ್ತಿನವರೆಗೆ' ಅಂತ ತಾರೀಕಿನ ಸಮೇತ ಎರಡನ್ನೂ ಇಟ್ಟುಕೊಂಡಿರಬೇಕು. ಡೇಟಾಬೇಸ್ ಪಾಠದಲ್ಲಿ ಇದನ್ನು ಅರ್ಧ ಪುಟದಲ್ಲಿ ಮುಗಿಸುತ್ತಾರೆ. ರೀಟೇಲ್‌ನಲ್ಲಿ ಇದೇ ಅರ್ಧ ಜೀವನ.

ನೈಟ್ ಶಿಫ್ಟ್ ಇರುತ್ತಾ?

ಯಾವ ದೇಶದ ಅಂಗಡಿ ಅನ್ನುವುದರ ಮೇಲೆ ಹೋಗುತ್ತದೆ. ಬ್ರಿಟನ್ನಿನದಾದರೆ ನಾಲ್ಕೂವರೆ ಅಥವಾ ಐದೂವರೆ ಗಂಟೆ ವ್ಯತ್ಯಾಸ, ಮನುಷ್ಯರ ಹಾಗೆ ಬದುಕಬಹುದು. ಅಮೆರಿಕದ ಮಧ್ಯಭಾಗದ ಕಂಪನಿಯಾದರೆ ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆದರೆ ನಮಗೆ ಸಂಜೆ ಆರೂವರೆಯೋ ಏಳೂವರೆಯೋ. ಡೆವಲಪರ್‌ಗಳಿಗೆ ಸಂಜೆಯ ಮೀಟಿಂಗ್‌ನಲ್ಲಿ ಮುಗಿಯುತ್ತದೆ. ಸಪೋರ್ಟ್‌ನವರಿಗೆ ಮಾತ್ರ ಸರದಿಯ ಮೇಲೆ ರಾತ್ರಿ ಪಾಳಿ ತಪ್ಪಿದ್ದಲ್ಲ. ಕ್ಯಾಬ್ ಕೊಡುತ್ತಾರೆ. ಸೇರುವ ಮೊದಲು ಎಚ್‌ಆರ್ ಹತ್ತಿರ ಅಲ್ಲ, ಆ ತಂಡದಲ್ಲೇ ಇರುವ ಒಬ್ಬರ ಹತ್ತಿರ ಕೇಳಿ.

ದೀಪಾವಳಿಗೆ ಊರಿಗೆ ಹೋಗಬಹುದಾ?

ಅಮೆರಿಕದ ಕಂಪನಿಯಾದರೆ ಸಾಮಾನ್ಯವಾಗಿ ಹೋಗಬಹುದು. ನವೆಂಬರ್ ಕೊನೆಯ ವಾರದಲ್ಲಿ ತಂಗಿ ಮದುವೆ ಇಟ್ಟುಕೊಳ್ಳಬೇಡಿ ಅಷ್ಟೆ. ನವೆಂಬರಿನ ನಾಲ್ಕನೇ ಗುರುವಾರ ಅವರ ಥ್ಯಾಂಕ್ಸ್‌ಗಿವಿಂಗ್, ಮರುದಿನ ಬ್ಲ್ಯಾಕ್ ಫ್ರೈಡೇ, ಸೋಮವಾರ ಆನ್‌ಲೈನ್ ಮಾರಾಟದ ಅಬ್ಬರ. ಇದಕ್ಕೆ ವಾರಗಳ ಮುಂಚೆಯೇ 'ಫ್ರೀಜ್' ಬೀಳುತ್ತದೆ. ಅಂದರೆ ಕ್ರಿಸ್‌ಮಸ್ ಮುಗಿಯುವವರೆಗೆ ಹೊಸ ಕೋಡ್ ಹಾಕುವಂತಿಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ ಭಾರಿ ತೂತು ಪತ್ತೆಯಾದದ್ದು ಸರಿಯಾಗಿ ಇದೇ ಹೊತ್ತಿನಲ್ಲಿ. ಕೈಹಾಕಬಾರದ ಕಾಲದಲ್ಲಿ ಎಲ್ಲ ಸಿಸ್ಟಮ್‌ಗಳಿಗೂ ಕೈಹಾಕಬೇಕಾಗಿ ಬಂತು. ಆ ವರ್ಷ ಫ್ರೀಜ್ ಅನ್ನುವ ಪದ ಹೆಸರಿಗೆ ಮಾತ್ರ ಇತ್ತು.

ಭಾರತದ ಕಂಪನಿಯಾದರೆ ಉಲ್ಟಾ. ದಸರಾ, ದೀಪಾವಳಿ, ಆಗಸ್ಟ್ 15, ಜನವರಿ 26 ಇವೇ ನಿಮ್ಮ ಪರೀಕ್ಷೆಯ ದಿನಗಳು. ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಮೊದಲ ಬಿಗ್ ಬಿಲಿಯನ್ ಡೇ ನಡೆಸಿದಾಗ ಸೈಟ್ ತತ್ತರಿಸಿತ್ತು, ಸ್ಥಾಪಕರೇ ಗಿರಾಕಿಗಳ ಕ್ಷಮೆ ಕೇಳಿದ್ದರು. ಇವತ್ತು ಪ್ರತಿ ಹಬ್ಬಕ್ಕೂ ತಿಂಗಳುಗಟ್ಟಲೆ ಮೊದಲೇ ಲೋಡ್ ಟೆಸ್ಟಿಂಗ್, ಅಂದರೆ ಎಷ್ಟು ಜನ ಒಟ್ಟಿಗೆ ಬಂದರೆ ಸೈಟ್ ತಡೆಯುತ್ತದೆ ಅನ್ನುವ ಪರೀಕ್ಷೆ, ಮಾಡುವುದರ ಹಿಂದೆ ಅಂಥ ದಿನಗಳ ನೆನಪಿದೆ.

ಆನ್‌ಕಾಲ್ ಅಂದರೆ ಎಷ್ಟು ಕಷ್ಟ?

ನಿಮ್ಮ ಸರದಿಯ ದಿನಗಳಲ್ಲಿ ಯಾವ ಹೊತ್ತಿನಲ್ಲಿ ಫೋನ್ ಬಂದರೂ ಹದಿನೈದು ನಿಮಿಷದೊಳಗೆ ಲ್ಯಾಪ್‌ಟಾಪ್ ಮುಂದೆ ಕೂರಬೇಕು, ಇದು ಸಾಮಾನ್ಯ ಕಟ್ಟಳೆ. ದೊಡ್ಡ ತೊಂದರೆಯಾದರೆ 'ಬ್ರಿಡ್ಜ್' ತೆರೆಯುತ್ತಾರೆ, ನೆಟ್‌ವರ್ಕ್‌ನವರು, ಡೇಟಾಬೇಸ್‌ನವರು, ವೆಂಡರ್‌ಗಳು ಎಲ್ಲ ಒಂದೇ ಕರೆಯಲ್ಲಿ. ಹೊಸಬರು ಅಲ್ಲಿ ಗಾಬರಿಯಾಗಿ ಲಾಗ್, ಅಂದರೆ ಸಿಸ್ಟಮ್ ತಾನೇ ಬರೆದಿಡುವ ದಾಖಲೆ, ತೆರೆಯಲು ಓಡುತ್ತಾರೆ. ನಮ್ಮ ತಂಡದ ಹಿರಿಯರೊಬ್ಬರು ಲಾಗ್ ಮುಟ್ಟುವ ಮೊದಲು ನಾಲ್ಕೇ ಪ್ರಶ್ನೆ ಕೇಳುತ್ತಿದ್ದರು: ಎಷ್ಟು ಅಂಗಡಿ? ಒಂದಂಗಡಿಯಲ್ಲಿ ಎಷ್ಟು ಕೌಂಟರ್? ಎಷ್ಟು ಗಂಟೆಯಿಂದ? ಅದಕ್ಕೂ ಮೊದಲು ಯಾರು ಏನು ಬದಲಾಯಿಸಿದರು?

ಒಮ್ಮೆ ಕೆಲವು ಅಂಗಡಿಗಳಿಂದ 'ಬಿಲ್ಲಿಂಗ್ ಸಾಫ್ಟ್‌ವೇರ್ ತುಂಬಾ ನಿಧಾನ' ಅಂತ ಟಿಕೆಟ್, ಅಂದರೆ ದೂರು, ಬರತೊಡಗಿತು. ಸರ್ವರ್ ನೋಡಿದರೆ ಆರಾಮಾಗಿದೆ, ನೆಟ್‌ವರ್ಕ್ ಚೆನ್ನಾಗಿದೆ. ಆ ಹಿರಿಯರು ಟಿಕೆಟ್‌ಗಳನ್ನೆಲ್ಲ ಓದಿ, "ರೀ, ಬರೀ ಹಾಲು, ಮೊಸರು, ಐಸ್‌ಕ್ರೀಮಿಗೆ ಮಾತ್ರ ನಿಧಾನವಾ ಅಂತ ಕೇಳಿ" ಅಂದರು. ಹೌದು ಅಂತ ಉತ್ತರ ಬಂತು. ಸೆಕೆಗಾಲದಲ್ಲಿ ಫ್ರಿಜ್‌ನಿಂದ ತೆಗೆದ ಪೊಟ್ಟಣದ ಮೇಲೆ ಹನಿ ಕಟ್ಟಿ ಸ್ಕ್ಯಾನರ್‌ಗೆ ಗೆರೆಗಳು ಕಾಣುತ್ತಿರಲಿಲ್ಲ. ಕ್ಯಾಶಿಯರ್ ಅದನ್ನು ಮೂರು ಸಲ ಉಜ್ಜಿ, ಕೊನೆಗೆ ನಂಬರ್ ಒತ್ತುತ್ತಿದ್ದರು. ಪರಿಹಾರ ಕೌಂಟರ್ ಪಕ್ಕ ಒಂದು ಒರೆಸುವ ಬಟ್ಟೆ. ಅವರು ಐಟಿಗೆ ಬರುವ ಮೊದಲು ಸೂಪರ್‌ಮಾರ್ಕೆಟ್‌ನಲ್ಲಿ ಫ್ಲೋರ್ ಸೂಪರ್‌ವೈಸರ್ ಆಗಿದ್ದವರು.

ಹಾಗಾದರೆ ಅಂಗಡಿಗೆ ಹೋಗಿ ನೋಡಲೇಬೇಕಾ?

ನೋಡಲೇಬೇಕು. ವಿದೇಶದ ಅಂಗಡಿಗೆ ಕಂಪನಿ ಕಳಿಸುವವರೆಗೆ ಕಾಯಬೇಡಿ. ಸಂಬಳದ ನಂತರದ ಮೊದಲ ಭಾನುವಾರ ಸಂಜೆ ನಿಮ್ಮ ಬಡಾವಣೆಯ ದೊಡ್ಡ ಸೂಪರ್‌ಮಾರ್ಕೆಟ್‌ಗೆ ಹೋಗಿ, ಅತಿ ಉದ್ದದ ಸಾಲಿನಲ್ಲಿ ನಿಂತು ಕ್ಯಾಶಿಯರ್‌ನ ಕೈ ನೋಡಿ. ಆಕೆ ಸ್ಕ್ರೀನ್ ನೋಡುವುದೇ ಇಲ್ಲ. ಈರುಳ್ಳಿಯ ಕೋಡ್ ಬೆರಳಿಗೆ ಗೊತ್ತು. ನೀವು 'ಚಂದ ಕಾಣಲಿ' ಅಂತ ಒಂದು ಬಟನ್ ಎಡದಿಂದ ಬಲಕ್ಕೆ ಸರಿಸಿದರೆ ಆ ಬೆರಳುಗಳೆಲ್ಲ ಎಡವುತ್ತವೆ, ಸಾಲು ಬಾಗಿಲವರೆಗೆ ಬೆಳೆಯುತ್ತದೆ. ಸ್ಕ್ರೀನ್‌ನಲ್ಲಿ 'ದೋಷ ಸಂಖ್ಯೆ 4012' ಅಂತ ಬಂದಾಗ ಆಕೆ ಏನು ಮಾಡುತ್ತಾಳೆ ನೋಡಿ. ಓದುವುದಿಲ್ಲ, ಎಂಟರ್ ಒತ್ತುತ್ತಾಳೆ. ಹಿಂದೆ ಹನ್ನೆರಡು ಜನ ನಿಂತಿರುವಾಗ ನೀವಾದರೂ ಅದನ್ನೇ ಮಾಡುತ್ತೀರಿ.

ಕೌಂಟರ್‌ನಲ್ಲಿ ನಿಂತವರ ಕಷ್ಟ ಗೊತ್ತಿಲ್ಲದ ಇಂಜಿನಿಯರ್ ಎಷ್ಟೇ ಜಾಣನಾದರೂ ನನ್ನ ಪ್ರಕಾರ ಈ ಉದ್ಯಮಕ್ಕೆ ಅರ್ಧ ಮಾತ್ರ.

ಏನೇನು ಕಲಿತಿರಬೇಕು?

ಎಸ್‌ಕ್ಯೂಎಲ್. ಡೇಟಾಬೇಸ್‌ನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ ಅದು. ಮತ್ತೊಮ್ಮೆ ಹೇಳುತ್ತೇನೆ, ಎಸ್‌ಕ್ಯೂಎಲ್. ಆಮೇಲೆ ಜಾವಾ ಅಥವಾ ಪೈಥಾನ್, ಲಿನಕ್ಸ್, ಸಿಸ್ಟಮ್‌ಗಳ ನಡುವೆ ಸಂದೇಶ ಸಾಗಿಸುವ ಕಾಫ್ಕಾ, ಯಾವುದಾದರೊಂದು ಕ್ಲೌಡ್. ಕೆಲವು ಕಡೆ ಎಸ್‌ಎಪಿ ಅಥವಾ ಒರಾಕಲ್ ರೀಟೇಲ್‌ನಂಥ ಸಿದ್ಧ ವ್ಯಾಪಾರ ಸಾಫ್ಟ್‌ವೇರ್ ಗೊತ್ತಿರಬೇಕಾಗುತ್ತದೆ.

ಇದಕ್ಕಿಂತ ಮುಖ್ಯ, ಡೇಟಾದ ಮೇಲೆ ಅನುಮಾನ ಪಡುವ ಬುದ್ಧಿ. ಟಾರ್ಗೆಟ್ ಕಂಪನಿ 2013ರಲ್ಲಿ ಕೆನಡಾಕ್ಕೆ ಹೋಗಿ 133 ಅಂಗಡಿ ತೆರೆಯಿತು, 2015ರಲ್ಲಿ ಎಲ್ಲವನ್ನೂ ಮುಚ್ಚಿತು. ಕಾರಣ ಹಲವು, ಅದರಲ್ಲಿ ದೊಡ್ಡದೊಂದು ಸಿಸ್ಟಮ್‌ಗೆ ತುಂಬಿದ್ದ ತಪ್ಪು ಮಾಹಿತಿ. ಸಾಮಾನಿನ ಅಳತೆ ಸೆಂಟಿಮೀಟರ್‌ನಲ್ಲಿ ಇರಬೇಕಾದ ಕಡೆ ಇಂಚಿನಲ್ಲಿತ್ತು, ಉದ್ದದ ಜಾಗದಲ್ಲಿ ಅಗಲ ಇತ್ತು. ಗೋದಾಮು ತುಂಬಿ ತುಳುಕುತ್ತಿದ್ದರೆ ಅಂಗಡಿಯ ಶೆಲ್ಫ್ ಖಾಲಿ. ಕೆಲಸ ಕಳೆದುಕೊಂಡವರು 17,000ಕ್ಕೂ ಹೆಚ್ಚು. ಸಾಫ್ಟ್‌ವೇರ್ ತನಗೆ ಕೊಟ್ಟ ನಂಬರನ್ನು ನಂಬಿಯೇ ಕೆಲಸ ಮಾಡುತ್ತದೆ. ಆ ನಂಬರು ಸರಿಯಾ ಅಂತ ಕೇಳಬೇಕಾದವರು ನಾವು.

ಸೆಕ್ಯುರಿಟಿ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಯಾಕೆ?

ಮತ್ತೆ ಟಾರ್ಗೆಟ್ ಹೆಸರೇ ಬರುತ್ತದೆ, ಏನು ಮಾಡುವುದು. 2013ರ ನವೆಂಬರ್ 27ರಿಂದ ಡಿಸೆಂಬರ್ 15ರವರೆಗೆ ಕಳ್ಳರು ಅವರ ಬಿಲ್ಲಿಂಗ್ ಯಂತ್ರಗಳಿಂದ ಸುಮಾರು ನಾಲ್ಕು ಕೋಟಿ ಕಾರ್ಡುಗಳ ವಿವರ ಕದ್ದರು. ಒಳಗೆ ಬಂದದ್ದು ಫ್ರಿಜ್ ಮತ್ತು ಎಸಿ ನೋಡಿಕೊಳ್ಳುತ್ತಿದ್ದ ಗುತ್ತಿಗೆ ಕಂಪನಿಯ ಪಾಸ್‌ವರ್ಡ್ ಹಿಡಿದು. ಮುಂದಿನ ವರ್ಷ ಬಂದ ಪತ್ರಿಕಾ ವರದಿಗಳ ಪ್ರಕಾರ, ಎಚ್ಚರಿಕೆಯ ಸಂಕೇತವನ್ನು ನೋಡಿ ಅಮೆರಿಕದ ಮುಖ್ಯ ಕಚೇರಿಗೆ ತಿಳಿಸಿದ್ದು ಬೆಂಗಳೂರಿನ ತಂಡ. ಅಲ್ಲಿ ಅದರ ಮೇಲೆ ಸಕಾಲಕ್ಕೆ ಕ್ರಮ ಆಗಲಿಲ್ಲ. 2014ರಲ್ಲಿ ಕಂಪನಿಯ ಐಟಿ ಮುಖ್ಯಸ್ಥರು (ಸಿಐಒ), ಆಮೇಲೆ ಸಿಇಒ ಇಬ್ಬರೂ ಕುರ್ಚಿ ಬಿಟ್ಟರು. ಇಲ್ಲಿ ಕೂತವರು ಕಂಡದ್ದನ್ನು ಹೇಳಿದರೆ ಸಾಲದು, ಅಲ್ಲಿರುವವರು ಎದ್ದು ಕೂರುವ ಹಾಗೆ ಹೇಳಬೇಕು. ಸಂಕೋಚದಿಂದ ಒಂದು ಇಮೇಲ್ ಹಾಕಿ ಸುಮ್ಮನಾಗುವ ಅಭ್ಯಾಸ ನಮ್ಮಲ್ಲಿ ಬಹಳ.

2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮೇಲೆ ದಾಳಿಯಾದಾಗ ಆರು ವಾರಕ್ಕೂ ಹೆಚ್ಚು ಕಾಲ ಆನ್‌ಲೈನ್ ಆರ್ಡರ್ ನಿಂತಿತು. ಲಾಭಕ್ಕೆ ಬಿದ್ದ ಹೊಡೆತ ಸುಮಾರು 30 ಕೋಟಿ ಪೌಂಡ್ ಎಂದು ಕಂಪನಿಯೇ ಅಂದಾಜು ಮಾಡಿತು. ಅಲ್ಲೂ ಕಳ್ಳರು ಮುರಿದದ್ದು ಬೀಗವನ್ನಲ್ಲ, ಬೇರೆಯವರ ಸೋಗು ಹಾಕಿ ಮಾತಿನಲ್ಲಿ ಯಾಮಾರಿಸಿ ಒಳಗೆ ಬಂದರು. ಹಾಗಾಗಿ ಸರ್ವಿಸ್ ಡೆಸ್ಕ್‌ನಲ್ಲಿರುವವರು ಕರೆ ಮಾಡಿದವರ ಗುರುತು ಖಚಿತವಾಗದೆ ಪಾಸ್‌ವರ್ಡ್ ಬದಲಾಯಿಸಿ ಕೊಡುವ ಹಾಗಿಲ್ಲ, ಆ ಕಡೆ ವೈಸ್ ಪ್ರೆಸಿಡೆಂಟ್ ಕೂಗಾಡುತ್ತಿದ್ದರೂ ಸರಿ.

ನಮ್ಮಲ್ಲಿ ಬಿಲ್ ಮಾಡುವಾಗ 'ಮೊಬೈಲ್ ನಂಬರ್ ಹೇಳಿ' ಅನ್ನುತ್ತಾರಲ್ಲ, ಅದನ್ನು ಒತ್ತಾಯ ಮಾಡಬಾರದು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ನಂಬರ್ ಇಲ್ಲದಿದ್ದರೆ ಬಿಲ್ಲೇ ಮುಂದಕ್ಕೆ ಹೋಗದ ಹಾಗೆ ಸ್ಕ್ರೀನ್ ಮಾಡುವವರೂ ನಮ್ಮವರೇ. ಅಂಥ ಸ್ಕ್ರೀನ್ ಕೇಳಿದರೆ ಪ್ರಶ್ನೆ ಮಾಡಿ.

ಇಂಜಿನಿಯರಿಂಗ್ ಓದಿಲ್ಲ, ಡಿಪ್ಲೊಮಾ ಅಥವಾ ಬಿಸಿಎ. ಕನ್ನಡ ಮೀಡಿಯಂ. ಅವಕಾಶ ಇದೆಯಾ?

ಇದೆ. ಭಾರತದ ಸರಣಿ ಅಂಗಡಿಗಳಿಗೆ ಹುಬ್ಬಳ್ಳಿ, ದಾವಣಗೆರೆ, ಮಂಗಳೂರಿನಂಥ ಊರುಗಳಲ್ಲೂ ಫೀಲ್ಡ್ ಸಪೋರ್ಟ್‌ನವರು ಬೇಕು. ಹೆಚ್ಚಾಗಿ ವೆಂಡರ್ ಮೂಲಕ ತೆಗೆದುಕೊಳ್ಳುತ್ತಾರೆ, ಸಂಬಳ ಕಡಿಮೆ, ಓಡಾಟ ಜಾಸ್ತಿ. ಯುಪಿಎಸ್, ಬಿಲ್ ಪ್ರಿಂಟರ್, ಸ್ಕ್ಯಾನರ್, ಕಾರ್ಡ್ ಯಂತ್ರ, ಎಲೆಕ್ಟ್ರಾನಿಕ್ ತಕ್ಕಡಿ ಎಲ್ಲ ನಿಮ್ಮ ಪಾಲಿಗೆ. ತಕ್ಕಡಿಗೆ ತೂಕ, ಅಳತೆ ಪರಿಶೀಲಿಸುವ ಕಾನೂನು ಮಾಪನ ಇಲಾಖೆಯ ಮುದ್ರೆ ಇರುತ್ತದೆ, ಅದನ್ನು ನೀವೇ ಬಿಚ್ಚಲು ಹೋಗಬೇಡಿ. ಎರಡು ವರ್ಷ ಈ ಕೆಲಸ ಮಾಡಿದವರಿಗೆ ಅಂಗಡಿಯ ಒಳಹೊರಗು ಗೊತ್ತಿರುತ್ತದೆ. ಅಲ್ಲಿಂದ ಸರ್ವಿಸ್ ಡೆಸ್ಕ್‌ಗೆ, ಅಪ್ಲಿಕೇಶನ್ ಸಪೋರ್ಟ್‌ಗೆ ಏರಿದವರನ್ನು ಕಂಡಿದ್ದೇನೆ. ಇಂಗ್ಲಿಷ್ ಬೇಕು, ಆದರೆ ನೀವು ಹೆದರುವಷ್ಟಲ್ಲ. ಆದದ್ದನ್ನು ಆದ ಕ್ರಮದಲ್ಲಿ ಬರೆಯಲು ಬಂದರೆ ಟಿಕೆಟ್‌ಗೆ ಅಷ್ಟು ಸಾಕು.

ಎಐ ಬಂದು ಈ ಕೆಲಸಗಳೆಲ್ಲ ಹೋಗುತ್ತವಾ?

ಕೆಲವು ಹೋಗುತ್ತವೆ. ಆದರೆ ಅಂಗಡಿಯ ನೆಲ ತಂತ್ರಜ್ಞಾನವನ್ನು ಬೇಗ ಸೋಲಿಸುತ್ತದೆ. ಶೆಲ್ಫ್ ನೋಡಿಕೊಂಡು ಓಡಾಡುವ ರೋಬಾಟ್‌ಗಳನ್ನು ವಾಲ್‌ಮಾರ್ಟ್ 2020ರಲ್ಲಿ ಕೈಬಿಟ್ಟಿತು. ಕೌಂಟರೇ ಇಲ್ಲದೆ ಎತ್ತಿಕೊಂಡು ಹೋಗುವ ವ್ಯವಸ್ಥೆಯನ್ನು ಅಮೆಜಾನ್ 2024ರಲ್ಲಿ ಅಮೆರಿಕದ ತನ್ನ 'ಫ್ರೆಶ್' ಎಂಬ ದಿನಸಿ ಅಂಗಡಿಗಳಿಂದ ತೆಗೆಯುವುದಾಗಿ ಹೇಳಿತು.

ಸಂಬಳ, ಭದ್ರತೆ ಹೇಗೆ?

ಒಂದೇ ಅನುಭವಕ್ಕೆ ಸರ್ವಿಸ್ ಕಂಪನಿಗಿಂತ ಸಾಮಾನ್ಯವಾಗಿ ಮೇಲೆ, ತಮ್ಮದೇ ಸಾಫ್ಟ್‌ವೇರ್ ಮಾರುವ ದೊಡ್ಡ ಪ್ರಾಡಕ್ಟ್ ಕಂಪನಿಗಳಿಗಿಂತ ಕೆಳಗೆ. ಭದ್ರತೆ ವ್ಯಾಪಾರದಷ್ಟೇ. ಬಿಗ್ ಬಜಾರ್‌ನಂಥ ಮನೆಮಾತಾದ ಹೆಸರೂ 2022ರ ಹೊತ್ತಿಗೆ ಬೀದಿಯಿಂದ ಮರೆಯಾಯಿತು. ಕಂಪನಿಯ ತ್ರೈಮಾಸಿಕ ವರದಿ ಓದುವ ಅಭ್ಯಾಸ ಇಟ್ಟುಕೊಳ್ಳಿ, ಅದು ಎಚ್‌ಆರ್ ಇಮೇಲ್‌ಗಿಂತ ಮೊದಲು ಮಾತಾಡುತ್ತದೆ.

ಮನೆಯಲ್ಲಿ ಏನಂತ ಹೇಳುವುದು?

"ಏನ್ ಕೆಲಸ ಅಂದೆ?" "ಅಂಗಡಿ ಕಂಪನಿ ಅಮ್ಮ, ಅದರ ಕಂಪ್ಯೂಟರ್ ಕೆಲಸ." "ಅಂಗಡೀಲಿ ಕೂರೋದಾದ್ರೆ ನಿಮ್ಮ ಮಾವನ ಅಂಗಡೀಲೇ ಕೂರ್ಬೋದಿತ್ತಲ್ಲೋ." ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಮಾವ ಸಾಲದ ಲೆಕ್ಕವನ್ನು ಕೆಂಪು ಬಟ್ಟೆಯ ಪುಸ್ತಕದಲ್ಲಿ ಇಡುತ್ತಾರೆ, ಒಂದು ಪೈಸೆ ತಪ್ಪಿದ್ದು ನಾನು ಕಂಡಿಲ್ಲ.

ಸ್ಟಾಫ್ ಡಿಸ್ಕೌಂಟ್ ಸಿಗುತ್ತಾ?

ಭಾರತದಲ್ಲಿ ಅಂಗಡಿಯಿರುವ ಕಂಪನಿಯಾದರೆ ಹೆಚ್ಚಿನ ಕಡೆ ಸಿಗುತ್ತದೆ, ಎಂಆರ್‌ಪಿ ಮೇಲಾ ಆಫರ್ ಬೆಲೆಯ ಮೇಲಾ ಅಂತ ಕೇಳಿಕೊಳ್ಳಿ. ಇಲ್ಲಿ ಅಂಗಡಿಯೇ ಇಲ್ಲದ ಕಂಪನಿಯಾದರೆ, ಅಮೆರಿಕದಲ್ಲಿರುವ ನಿಮ್ಮ ಅಕ್ಕ ಭಾವ "ನಿನ್ನ ಡಿಸ್ಕೌಂಟ್ ನಮಗೆ ಕೊಡೋಕಾಗುತ್ತಾ?" ಅಂತ ಪ್ರತಿ ನವೆಂಬರ್ ಕೇಳುತ್ತಾರೆ. ಸಾಮಾನ್ಯವಾಗಿ ಆಗುವುದಿಲ್ಲ. ಕಂಪನಿಯ ನೀತಿ ಓದದೆ ನಿಮ್ಮ ಡಿಸ್ಕೌಂಟ್ ನಂಬರ್ ಕೊಡಬೇಡಿ, ಈ ಒಂದೇ ಕಾರಣಕ್ಕೆ ಕೆಲಸ ಹೋಗುವುದೂ ಉಂಟು.